ಅಣಬೆಯ ಊರಿಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಚೀನಾದಿಂದ ಕರೆ ಮಾಡಿ, ಜುಲೈ ರಜೆಗೆ ಊರಿಗೆ ಬರುವುದಿಲ್ಲ, ಗೆಳತಿಯ ಜೊತೆ ಅವಳ ಹಳ್ಳಿಗೆ ಹೋಗುತ್ತೇನೆ ಎಂದೆ. ನಾನು ಬೇಡ ಎಂದೆ. ಯಾಕೆ ಎಂದು ನೀನು ಕೇಳಿದೆ. ನಾನು ಏನೂ ಹೇಳದೆ ಫೋನನ್ನು ಅಪ್ಪನ ಕೈಗಿಟ್ಟು ಒಳಗೆ ಹೋದೆ. ಆಮೇಲೆ ನಡೆದ ಮಾತುಗಳು ನಿನಗೂ ಗೊತ್ತು, ನನಗೂ ಗೊತ್ತು, ಅವು ಇಲ್ಲಿ ಬೇಡ. ನೀನು ಕೇಳಿದ ಯಾಕೆ ಎಂಬುದಕ್ಕೆ ಮಾತ್ರ ಬರೆಯುತ್ತೇನೆ.

ಯಾವ ಊರು ಎಂದು ನಾನು ಕೇಳಿದಾಗ ನೀನು ಚುಶಿಯೋಂಗ್ ಕಡೆಯ ನಾನ್‌ಹ್ವಾ ಎಂದೆ. ನೀನು ಡಾಕ್ಟರಿಕೆ ಓದುತ್ತಿರುವ ಕುನ್ಮಿಂಗಿನಿಂದ ಪಶ್ಚಿಮಕ್ಕೆ, ಕಾಡಣಬೆಗೇ ಹೆಸರಾದ ಊರಂತೆ. ಮಳೆ ಹಿಡಿದಿದೆ, ಎಲ್ಲರೂ ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ, ನಾನೂ ಹತ್ತುತ್ತೇನೆ ಎಂದು ನೀನು ಸಂಭ್ರಮದಿಂದ ಹೇಳುತ್ತಿದ್ದೆ. ನನ್ನ ಕೈಕಾಲು ತಣ್ಣಗಾಯಿತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನ ಜೊತೆ ಒಬ್ಬಳು ಓದುತ್ತಿದ್ದಳು. ಅಜ್ಜಿಮನೆಯ ತೋಟದಾಚೆ, ಹಳ್ಳದ ಮೇಲೆ ಅವರ ಮನೆ. ಅವಳ ಅಪ್ಪ ಅಮ್ಮ ನಮ್ಮ ತೋಟಕ್ಕೇ ಕೆಲಸಕ್ಕೆ ಬರುತ್ತಿದ್ದರು. ಆಷಾಢದ ಒಂದು ಸಂಜೆ ಅವಳು ಕೆಸುವಿನೆಲೆ ಬಿಚ್ಚಿ ಅಣಬೆ ತೋರಿಸಿ, ಇವತ್ತು ನಮ್ಮ ಮನೆಗೆ ಊಟಕ್ಕೆ ಬಾ ಎಂದಳು. ಅಚ್ಚ ಬಿಳಿಯ ಅಣಬೆ. ಕೊಡೆಯಡಿಯ ಪದರಗಳೂ ಬಿಳಿ, ಕಾಂಡಕ್ಕೊಂದು ಉಂಗುರ, ಬುಡದಲ್ಲಿ ಮಣ್ಣು ಮೆತ್ತಿದ ಚೀಲ. ಇವತ್ತು ಯಾರಾದರೂ ನೂರು ಅಣಬೆ ಮುಂದಿಟ್ಟರೂ ಅದನ್ನು ನಾನು ಗುರುತಿಸಬಲ್ಲೆ.

ಅಜ್ಜಿ ನನ್ನನ್ನು ಕಳಿಸಲಿಲ್ಲ. ಅಣಬೆಗೆ ಹೆದರಿ ಅಲ್ಲ. ಆ ಮನೆಯಲ್ಲಿ ನಾವು ಉಣ್ಣುವಂತಿರಲಿಲ್ಲ, ಅಷ್ಟೇ. ಬೆಳಗಿನ ಜಾವ ಅವರ ಮನೆಯಲ್ಲಿ ವಾಂತಿ ಭೇದಿ ಶುರುವಾಯಿತು. ಮರುದಿನ ನಿಂತಿತು. ನಾಳೆ ಶಾಲೆಗೆ ಬರುತ್ತೇನೆ ಎಂದು ಅವಳು ಹೇಳಿಯೂ ಕಳಿಸಿದಳು. ನಾನು ಅವಳಿಗಾಗಿ ಗಣಿತದ ಲೆಕ್ಕಗಳನ್ನು ಬರೆದಿಟ್ಟುಕೊಂಡಿದ್ದೆ. ಆಮೇಲೆ ಕಣ್ಣು ಹಳದಿಯಾಯಿತು. ಜೀಪಿನಲ್ಲಿ ಶಿವಮೊಗ್ಗಕ್ಕೆ ಒಯ್ದರು. ಅವಳೂ ಅವಳ ತಮ್ಮನೂ ತಿರುಗಿ ಬರಲಿಲ್ಲ. ವಿಷ ಯಕೃತ್ತನ್ನು ತಿನ್ನುತ್ತಿರುವಾಗಲೇ ಮೈ ಸುಧಾರಿಸಿದಂತೆ ಕಾಣುವ ಆ ಒಂದೆರಡು ದಿನದ ವಿಚಾರ ನಿನ್ನ ಪುಸ್ತಕದಲ್ಲಿ ಬಂದಿರಬಹುದು. ಬಂದಿರದಿದ್ದರೆ ಮುಂದೆ ಬರುತ್ತದೆ, ಗಮನವಿಟ್ಟು ಓದು.

ಕಳಿಸದೆ ಇದ್ದುದರಿಂದ ಹುಡುಗಿ ಬದುಕಿದಳು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಈಗಲೂ ಹೇಳುತ್ತಾರೆ. ಯಾವ ಕಾರಣಕ್ಕೆ ಕಳಿಸಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಅವಳ ಮನೆಯಲ್ಲಿ ನಾನು ಒಂದು ಲೋಟ ನೀರು ಕುಡಿದವಳಲ್ಲ, ಅವಳು ನಮ್ಮ ಜಗಲಿ ಹತ್ತಿದವಳಲ್ಲ. ಅವಳು ಬದುಕಿದ್ದರೆ ಈಗ ನನ್ನಷ್ಟೇ ವಯಸ್ಸು. ಮಕ್ಕಳಿರುತ್ತಿದ್ದವು. ಅಣಬೆ ಎಂದರೆ ನನಗೆ ಅದು. ಭಾನುವಾರ ಇದನ್ನು ಫೋನಿನಲ್ಲಿ ಹೇಗೆ ಹೇಳಲಿ?

ಆದರೆ ನೀನು ಕುನ್ಮಿಂಗಿನಲ್ಲಿ ಗೆಳತಿಯೊಬ್ಬಳನ್ನು ಸಂಪಾದಿಸಿಕೊಂಡದ್ದು ನನಗೆ ಎಷ್ಟು ಹೆಮ್ಮೆ ಎಂದೂ ಹೇಳಲಿಲ್ಲ. ವಿದೇಶಿ ಮಕ್ಕಳ ಹಾಸ್ಟೆಲೇ ಬೇರೆ, ಅಲ್ಲಿನ ಮಕ್ಕಳದೇ ಬೇರೆ ಎಂದಾಗ, ಭಾರತದವರ ಗುಂಪಿನಲ್ಲೇ ಉಳಿದುಬಿಡುತ್ತೀಯ ಎಂದುಕೊಂಡಿದ್ದೆ. ಪಾಠವೇನೋ ಇಂಗ್ಲಿಷಿನಲ್ಲಿ ನಡೆಯುತ್ತದೆ, ವಾರ್ಡಿನಲ್ಲಿ ಮಲಗಿರುವ ಅಜ್ಜನಿಗೆ ಇಂಗ್ಲಿಷ್ ಬರಬೇಕಲ್ಲ! ಹೊಟ್ಟೆ ಎಲ್ಲಿ ನೋಯುತ್ತದೆ, ಎಂದಿನಿಂದ ಎಂದು ಚೀನೀ ಭಾಷೆಯಲ್ಲಿ ಕೇಳುವುದನ್ನು ನಿನಗೆ ಕಲಿಸಿದವಳು ಅವಳೇ. ಸೈಬೀರಿಯಾದಿಂದ ಪ್ರತಿ ಚಳಿಗಾಲಕ್ಕೆ ಬರುವ ಕೆಂಪು ಕೊಕ್ಕಿನ ಹಕ್ಕಿಗಳಿಗೆ ನೀವಿಬ್ಬರೂ ಕೆರೆಯ ಬಳಿ ಬ್ರೆಡ್ ಹಾಕುವ ಫೋಟೊವನ್ನು ನಾನು ಬೀದಿಗೆಲ್ಲ ತೋರಿಸಿದ್ದೇನೆ. 1985ರಿಂದ ಅವು ಆ ಊರಿಗೆ ಬರುತ್ತಿವೆ ಎಂದು ನೀನು ಹೇಳಿದ್ದನ್ನೂ ಸೇರಿಸಿಯೇ ತೋರಿಸಿದ್ದೇನೆ.

ಅವಳು ಯೀ ಸಮುದಾಯದವಳು, ಅವರ ಪಂಚಾಂಗದ ಆರನೆಯ ತಿಂಗಳ ಇಪ್ಪತ್ತನಾಲ್ಕಕ್ಕೆ ಪಂಜಿನ ಹಬ್ಬ ಎಂದೆಯಲ್ಲ, ಹಬ್ಬಕ್ಕೆ ಕರೆದವರ ಮನೆಗೆ ಹೋಗಬೇಡ ಎಂದು ನಾನು ಹೇಗೆ ಹೇಳಲಿ. ಹೋಗು. ಕೂತು ಉಣ್ಣು. ಅವರು ಹಾಕಿದ್ದನ್ನು ಬಾಯಿ ತುಂಬ ಹೊಗಳು.

ಆದರೆ ಇಷ್ಟು ಕೇಳು. ಅಣಬೆಯನ್ನು ನೀನಾಗಿ ಕೀಳಬೇಡ. ಅವಳ ಅಜ್ಜಿ ನೋಡಿ ಸರಿ ಎಂದದ್ದನ್ನು ಮಾತ್ರ ಮುಟ್ಟು. ಅಲ್ಲಿನವರು ತುಂಬಾ ಬೆಲೆ ಕೊಡುವ ಜಿಝೋಂಗ್ ಎಂಬುದು ಹುತ್ತದಲ್ಲಿ ಏಳುವ ಅಣಬೆಯೇ, ನಮ್ಮ ತೋಟದ ಹುತ್ತದಲ್ಲಿ ಏಳುವುದರ ಜಾತಿಯದೇ. ಅದನ್ನು ತಿನ್ನು. ಕೊಯ್ದರೆ ನೀಲಿಯಾಗುವುದೊಂದಿದೆಯಲ್ಲ, ಸರಿಯಾಗಿ ಬೇಯದಿದ್ದರೆ ಕಣ್ಣೆದುರು ಪುಟ್ಟ ಪುಟ್ಟ ಮನುಷ್ಯರು ಓಡಾಡುತ್ತಾರಂತೆ, ಅದನ್ನು ಎಷ್ಟು ಬೇಯಿಸಿದರೂ ಬೇಡ. ಕುನ್ಮಿಂಗಿನ ಹೋಟೆಲಿನಲ್ಲಿ ಅಣಬೆ ಬೆಂದ ಗಂಟೆ ಹೊಡೆಯುವವರೆಗೆ ಚಾಪ್‌ಸ್ಟಿಕ್ ಕೈಗೆ ಕೊಡುವುದಿಲ್ಲ ಎಂದು ನಗುತ್ತಾ ವಿಡಿಯೊ ಕಳಿಸಿದ್ದೆ. ಅದು ನಗುವ ವಿಷಯವಲ್ಲ ಪುಟ್ಟಿ, ಹಳ್ಳಿಯಲ್ಲಿ ಬೇರೆ ಯಾವ ಅಣಬೆ ಬೇಯಿಸಿದರೂ ನೀನೇ ಗಡಿಯಾರ ನೋಡು. ಬಿಳಿ ಅಣಬೆ, ಬುಡದಲ್ಲಿ ಚೀಲವಿರುವುದು, ಬೇಡ. ಯಾರೇ ಕೊಟ್ಟರೂ ಬೇಡ. ತಿಂದು ಆರೇಳು ಗಂಟೆಯ ಮೇಲೆ ವಾಂತಿಯಾದರೆ, ಅದು ನಿಂತರೂ ಸರಿಯೇ, ನೇರ ಆಸ್ಪತ್ರೆಗೆ ಹೋಗು. ನಿಂತಿತು ಎಂದು ಮಲಗಬೇಡ.

ಪಾಸ್‌ಪೋರ್ಟ್ ಜೊತೆಗಿರಲಿ. ಹೋಟೆಲು ಬಿಟ್ಟು ಯಾರ ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು ಎಂದು ನೀನೇ ಹೇಳಿದ್ದೆ, ಮರೆಯಬೇಡ. ಓದನ್ನೂ ಮರೆಯಬೇಡ. 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್, ಅದಾದ ಮೇಲೆ ಇಲ್ಲಿಯ ಪರೀಕ್ಷೆ. ಒಂದು ತಿಂಗಳು ಕಡಿಮೆಯಾದರೂ ಇಲ್ಲಿ ಕೇಳುವುದಿಲ್ಲ. ಇಲ್ಲೇ ಒಂದು ಸೀಟು ಕೊಡಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ, ಅದಕ್ಕೆ ಇಷ್ಟೆಲ್ಲ ನಿನ್ನ ತಲೆಯ ಮೇಲೆ ಬಂತು. ಅಪ್ಪ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಅಡಿಕೆಯ ದರ ಬಂದ ದಿನವೂ ಅದನ್ನೇ ಯೋಚಿಸುತ್ತಾ ಕೂತಿರುತ್ತಾರೆ.

ಈಗ ಚೀನಾದವರಿಗೂ ನಮ್ಮ ದೇಶದ ಪ್ರವಾಸಿ ವೀಸಾ ಕೊಡುತ್ತಿದ್ದಾರಂತೆ. ಚಳಿಗಾಲದ ರಜೆಯಲ್ಲಿ ಅವಳು ನಿನ್ನ ಜೊತೆ ಬರುವುದಾದರೆ ಬರಲಿ. ಅವಳಿಗೆ ಖಾರ ಆಗುತ್ತದೆಯೋ ಇಲ್ಲವೋ ಕೇಳಿ ತಿಳಿಸು.

ಅವಳ ಹಳ್ಳಿಯ ಹೆಸರನ್ನು ಚೀನೀ ಅಕ್ಷರದಲ್ಲೂ ಕನ್ನಡದಲ್ಲೂ ಬರೆದು ಅಪ್ಪನ ಮೊಬೈಲಿಗೆ ಕಳಿಸು. ಅವಳ ತಾಯಿಯ ಫೋನ್ ಸಂಖ್ಯೆಯನ್ನೂ ಕಳಿಸು.

ನಿನ್ನ ಅಮ್ಮ