ಭಾನುವಾರ ಕೊಳದ ಹೊನಗೊನ್ನೆ ಸೊಪ್ಪು ಕೀಳೋಣ

ಎಲ್ಲರಿಗೂ ನಮಸ್ಕಾರ.

ಮಳೆ ಹಿಡಿದ ಮೇಲೆ ನಮ್ಮ ಕೈತೋಟದ ಕೊಳದಲ್ಲಿ ಹೊನಗೊನ್ನೆ ಸೊಪ್ಪು ತುಂಬಾ ಜಾಸ್ತಿಯಾಗಿದೆ. ತಾವರೆಗೆ ಜಾಗವೇ ಇಲ್ಲ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಸೇರೋಣ. ಕುಡುಗೋಲು, ಬಕೆಟ್ ತನ್ನಿ.

ಸುಮ್ನೆ ಮೇಲೆ ಕೊಯ್ದರೆ ಸಾಲದು. ಕಾಂಡದ ಗಿಣ್ಣು ಗಿಣ್ಣಿಗೂ ಬಿಳಿ ಬೇರು ಇಳಿದಿರುತ್ತದೆ, ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಬೇರು ಸಮೇತ ಎಳೆಯಿರಿ. ಬೇಕಾದಷ್ಟನ್ನು ಮಾತ್ರ ತೂತಿಲ್ಲದ ಕುಂಡದಲ್ಲಿ ನೆಟ್ಟು ನೀರಿಗೆ ಇಳಿಸೋಣ, ಅಂಚು ದಾಟಿದ ಕುಡಿಯನ್ನು ಆಗಾಗ ಚಿವುಟಿದರಾಯಿತು. ಕೆಸುವಿಗೂ ಹೀಗೇ ಕುಂಡ. ಅದರ ರಸ ತಾಗಿದರೆ ಕೈ ತುರಿಸುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ.

ಎಳೆ ಕುಡಿ ಮನೆಗೆ ಒಯ್ಯಿರಿ, ಬಸ್ಸಾರಿಗೆ ಬಹಳ ಚೆನ್ನ. ಉಳಿದದ್ದು ಒಣಗಿಸಿ ಗೊಬ್ಬರದ ಗುಂಡಿಗೆ. ದಯವಿಟ್ಟು ಮೋರಿಗೋ ಲಿಂಗಾಂಬುಧಿ ಕೆರೆಗೋ ಎಸೆಯಬೇಡಿ, ಅಲ್ಲೂ ಬೇರು ಬಿಡುತ್ತದೆ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.