ಚಿಪ್ಪನ್ನು ಕೊರೆಯುವ ಮುನ್ನ

ಚಿ. ನಂದಿನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ತಮಿಳುನಾಡಿನ ಅರಿಯಲೂರಿನ ಕಲ್ಲಂಕುರಿಚ್ಚಿ ಸುಣ್ಣಕಲ್ಲಿನಲ್ಲಿರುವ ಸಿಂಪಿ ಪಳೆಯುಳಿಕೆಗಳಿಂದ, ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಕಾಲದ ಕಡಲಿನ ಸ್ಟ್ರಾನ್ಷಿಯಂ ಅಳೆಯಲು ಹೊರಟಿದ್ದೀಯೆಂದು ಕೇಳಿ ಸಂತೋಷವಾಯಿತು. ಆಯ್ಕೆ ಒಳ್ಳೆಯದು. ಸಿಂಪಿಯ ಚಿಪ್ಪು ಮೆಗ್ನೀಷಿಯಂ ಕಡಿಮೆಯಿರುವ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ್ದು, ಸುಮಾರು 7 ಕೋಟಿ ವರ್ಷ ತಾಳಬಲ್ಲದು. ಅಳಿದುಹೋದ ಸುರುಳಿ ಚಿಪ್ಪಿನ ಕಡಲಜೀವಿ ಅಮ್ಮೊನೈಟಿನ ಅರಗೊನೈಟ್ (ಅದೂ ಸುಣ್ಣದ ಖನಿಜವೇ) ಬಲುಬೇಗ ಕರಗಿ ಕ್ಯಾಲ್ಸೈಟ್ ಆಗಿಬಿಡುತ್ತದೆ.

ಮೆಗ್ನೀಷಿಯಂ-ಕ್ಯಾಲ್ಸಿಯಂ ಅನುಪಾತದಿಂದಲೂ ಅಂದಿನ ಕಡಲನೀರಿನಲ್ಲಿ ಏನೆಷ್ಟಿತ್ತೆಂದು ಹೇಳಿಬಿಡುವ ಆತುರ ಬೇಡ ಮಗಳೇ. ಅದು ನೀರಿನ ಬಿಸಿಗೂ ಪ್ರಾಣಿಯ ಬೆಳವಣಿಗೆಗೂ ಬದಲಾಗುತ್ತದೆ. ಒಂದೇ ಅಂಕಿಯಿಂದ ಇವನ್ನು ಬಿಡಿಸಲಾಗದು. ಸ್ಟ್ರಾನ್ಷಿಯಂನ ಎರಡು ಐಸೊಟೋಪುಗಳಾದ (ತೂಕ ಬೇರೆಯಾದ ಪರಮಾಣುಗಳಾದ) 87 ಮತ್ತು 86ರ ಅನುಪಾತವನ್ನಾದರೆ ಚಿಪ್ಪು ನೀರಿನಲ್ಲಿದ್ದಂತೆಯೇ ಹಿಡಿದಿಡುತ್ತದೆ. ಇಂದಿನ ಕಡಲಿನಲ್ಲಿ ಅದು 0.7092, ಕ್ರಿಟೇಷಿಯಸ್ ಕೊನೆಗೆ ಸುಮಾರು 0.7078. ವ್ಯತ್ಯಾಸ ಇಷ್ಟು ಸಣ್ಣದಾದ್ದರಿಂದ ಚಿಟಿಕೆ ಜೇಡಿಮಣ್ಣು ಸೇರಿದರೂ ಲೆಕ್ಕ ಕೆಡುತ್ತದೆ.

ಚಿಪ್ಪನ್ನು ಅಡ್ಡ ಕೊಯ್ದು ಅರ್ಧ ತೆಗೆದಿಡು. ಉಳಿದರ್ಧದ ಹೊರಮೈಯನ್ನು ಒಂದು ಮಿಲಿಮೀಟರಿನಷ್ಟು ಉಜ್ಜಿ ತೆಗೆ. ಕೊಯ್ದ ಮುಖವನ್ನು ಮಸೂರದಲ್ಲಿ ನೋಡಿದರೆ ಬೂದುಬಣ್ಣದ, ಹೊಳಪಿನ ಒತ್ತಾದ ಪದರಗಳೂ ನಡುನಡುವೆ ಸುಣ್ಣದಂತೆ ಬೆಳ್ಳಗಿನ ಪದರಗಳೂ ಕಾಣುತ್ತವೆ. ಬಿಳಿಯದನ್ನು ಮುಟ್ಟಬೇಡ. ಅದರ ರಂಧ್ರಗಳಲ್ಲಿ ಅಂತರ್ಜಲ ಹರಿದು ಹೊಸ ಕ್ಯಾಲ್ಸೈಟ್ ಕೂತಿರುತ್ತದೆ.

ಒತ್ತಾದ ಪದರವನ್ನೂ ಹಾಗೇ ನಂಬಬೇಡ. ಇಲೆಕ್ಟ್ರಾನ್ ಕಿರಣ ಬೀರಿ ನೋಡುವ ಕ್ಯಾಥೋಡೋಲ್ಯೂಮಿನೆಸೆನ್ಸ್ ಪರೀಕ್ಷೆಯಲ್ಲಿ ಅದು ಕಿತ್ತಳೆ ಬಣ್ಣದಲ್ಲಿ ಬೆಳಗಿದರೆ ಮ್ಯಾಂಗನೀಸ್ ಹೊಕ್ಕಿದೆ, ಬಿಟ್ಟುಬಿಡು. ಬೆಳಗಲಿಲ್ಲವೆಂದು ನಿಶ್ಚಿಂತಳಾಗುವಂತೆಯೂ ಇಲ್ಲ: ಕಬ್ಬಿಣ ಆ ಬೆಳಕನ್ನು ಅಡಗಿಸುತ್ತದೆ. ಅದಕ್ಕೇ ಮ್ಯಾಂಗನೀಸ್, ಕಬ್ಬಿಣ ಎರಡನ್ನೂ ಅಳೆದೇ ತೀರಬೇಕು. ಮ್ಯಾಂಗನೀಸ್ 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಪಾಲು) ದಾಟಿದರೆ ನಾನಂತೂ ಅನುಮಾನಿಸುತ್ತೇನೆ.

ಕೆಲವು ಮಿಲಿಗ್ರಾಂ ಪುಡಿ ಸಾಕು, ನಿಧಾನವಾಗಿ ಕೊರೆ. ಕರಗಿಸಲು ದುರ್ಬಲ ಅಸಿಟಿಕ್ ಆಮ್ಲವನ್ನೇ ಬಳಸು. ಬೇಗ ಮುಗಿಯಲೆಂದು ಪ್ರಬಲ ಆಮ್ಲ ಹಾಕಿದರೆ ಜೇಡಿಯೂ ತನ್ನಲ್ಲಿರುವುದನ್ನು ಬಿಟ್ಟುಕೊಡುತ್ತದೆ. ಅದರಲ್ಲಿನ ರುಬಿಡಿಯಂ ಕ್ಷಯಿಸಿ ಹುಟ್ಟಿದ ಸ್ಟ್ರಾನ್ಷಿಯಂ 87 ಸೇರಿ ಅನುಪಾತ ಏರುತ್ತದೆ. ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ತಿರುಗಿಸಿ ಗಸಿ ಕೂರಿಸಿ, ಮೇಲಿನ ತಿಳಿ ದ್ರಾವಣ ಮಾತ್ರ ತೆಗೆದು ಒಣಗಿಸು. 3 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ ಮತ್ತೆ ಕರಗಿಸಿ ಸ್ಟ್ರಾನ್ಷಿಯಂ ರೆಸಿನ್ ಕಾಲಮ್ಮಿಗೆ (ಸ್ಟ್ರಾನ್ಷಿಯಂ ಹಿಡಿದಿಡುವ ರಾಳ ತುಂಬಿದ ಕೊಳವೆಗೆ) ಹಾಕು. ಕ್ಯಾಲ್ಸಿಯಂ, ರುಬಿಡಿಯಂ ತೊಳೆದುಹೋಗುತ್ತವೆ. ಸ್ಟ್ರಾನ್ಷಿಯಂ ಕೊನೆಗೆ ಶುದ್ಧ ನೀರಿಗೆ ಇಳಿಯುತ್ತದೆ. ಅನುಪಾತ ಅಳೆಯುವ ಪ್ರತಿ ಸರದಿಯಲ್ಲೂ ಎನ್‌ಬಿಎಸ್ 987 ಎಂಬ, ಅನುಪಾತ ಮೊದಲೇ ಗೊತ್ತಿರುವ ಮಾನಕ ಮಾದರಿ ಇಟ್ಟು ಅದು 0.71025ಕ್ಕೆ ಬರುತ್ತಿದೆಯೇ ನೋಡಿಕೋ.

ಬಹಳ ಜನ ಬಿಡುವ ಕೆಲಸವೊಂದಿದೆ, ನೀನು ಬಿಡಬೇಡ. ಚಿಪ್ಪನ್ನು ಕಚ್ಚಿಕೊಂಡ ಕಲ್ಲನ್ನೂ ಒಳಗೆ ತುಂಬಿದ ಹರಳು ಕ್ಯಾಲ್ಸೈಟನ್ನೂ ಬೇರೆಯಾಗಿ ಕೊರೆದು ಹಾಗೆಯೇ ಅಳೆ. ಮ್ಯಾಂಗನೀಸ್, ಕಬ್ಬಿಣ, ಅನುಪಾತ ಎಲ್ಲದರಲ್ಲೂ ಚಿಪ್ಪು ಕಲ್ಲಿನ ಹಾಗೇ ಇದ್ದರೆ ಅದು ಕಡಲಿನ ನೆನಪನ್ನು ಕಳೆದುಕೊಂಡಿದೆ ಎಂದೇ ತಿಳಿ. ಕಲ್ಲಿಗಿಂತ ಬೇರೆಯಿದ್ದು, ಒಂದೇ ಪದರದ ಮೂರ್ನಾಲ್ಕು ಸಿಂಪಿಗಳು ಐದನೇ ದಶಮಾಂಶದವರೆಗೆ ಹತ್ತಿರ ಬಂದರೆ ಧೈರ್ಯವಾಗಿ ಬರೆ. ಕೈಬಿಟ್ಟ ಮಾದರಿಗಳ ಅಂಕಿಗಳನ್ನೂ ಅದೇ ಕೋಷ್ಟಕದಲ್ಲಿ, ಬಿಟ್ಟ ಕಾರಣದೊಂದಿಗೆ ಸೇರಿಸು.

ಇಂತಿ ನಿನ್ನ ಮಾವ