ಕೋಚಿಂಗ್ ಬೇರೆ, ಮೆಂಟರಿಂಗ್ ಬೇರೆ

ಮಾನ್ಯ ಸಂಪಾದಕರೇ,

ಹಾಸನದ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಈಚೆಗೆ ನೀಟ್, ಸಿಇಟಿ ಕೋಚಿಂಗ್ ಜೊತೆಗೆ ‘ಮೆಂಟರಿಂಗ್ ಸೌಲಭ್ಯವಿದೆ’ ಎಂಬ ಸಾಲೂ ಕಾಣಿಸುತ್ತಿದೆ. ಇವೆರಡೂ ಒಂದೇ ಎಂದುಕೊಂಡು ಪೋಷಕರು ಶುಲ್ಕ ಕಟ್ಟುತ್ತಿರುವುದರಿಂದ ಈ ಪತ್ರ.

ಕುದುರೆಗಾಡಿಗಿದ್ದ ‘ಕೋಚ್’ ಎಂಬ ಹೆಸರನ್ನು ವಿದ್ಯಾರ್ಥಿಯನ್ನು ಪರೀಕ್ಷೆ ದಾಟಿಸುವ ಖಾಸಗಿ ಶಿಕ್ಷಕನಿಗೆ ಅಂಟಿಸಿದವರು 1830ರ ದಶಕದ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು. ಊರು ಬಂದರೆ ಗಾಡಿಯ ಕೆಲಸ ಮುಗಿಯಿತು. ಕೋಚಿಂಗ್‌ಗೂ ಹಾಗೆಯೇ ಗೊತ್ತಾದ ಗುರಿ, ಗಡುವು ಇರುತ್ತವೆ. (ಕಂಪನಿಗಳಲ್ಲಿ ಕೋಚ್ ಎನಿಸಿಕೊಂಡವರು ಪಾಠ ಹೇಳುವುದಕ್ಕಿಂತ ಪ್ರಶ್ನೆ ಕೇಳಿ ಎದುರಿನವರಿಂದಲೇ ಉತ್ತರ ಹೊರಡಿಸುತ್ತಾರೆ, ನಮ್ಮೂರಿನ ಕೋಚಿಂಗ್ ಅದಲ್ಲ.) ಮೆಂಟರ್ ಎಂಬುದಾದರೋ, ಗ್ರೀಕ್ ಕಥೆಯಲ್ಲಿ ಯುದ್ಧಕ್ಕೆ ಹೊರಟ ಒಡಿಸ್ಸಿಯಸ್ ತನ್ನ ಮನೆಯನ್ನು ಒಪ್ಪಿಸಿಹೋದ ಗೆಳೆಯನ ಹೆಸರು. ತಾನು ನಡೆದ ದಾರಿಯ ಅನುಭವವನ್ನು ಕಿರಿಯರೊಂದಿಗೆ ಹಂಚಿಕೊಂಡು, ಅವರ ಬದುಕಿನ ಏರುಪೇರನ್ನು ವರ್ಷಗಟ್ಟಲೆ ಗಮನಿಸುವವರೇ ಮೆಂಟರ್.

ಈ ವ್ಯತ್ಯಾಸ ನನಗೆ ತಡವಾಗಿ ಅರ್ಥವಾಯಿತು. ನಾನು ಪಾಠ ಮಾಡುತ್ತಿದ್ದ ಪದವಿ ಕಾಲೇಜಿನಲ್ಲಿ ಅರಕಲಗೂಡು ಕಡೆಯ ಒಬ್ಬ ವಿದ್ಯಾರ್ಥಿನಿ ಲೆಕ್ಕಶಾಸ್ತ್ರದಲ್ಲಿ ನಪಾಸಾದಾಗ ತಿಂಗಳುಗಟ್ಟಲೆ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟೆ. ಒಳ್ಳೆಯ ಅಂಕ ತೆಗೆದು ಪಾಸಾದಳು. ಮರುವರ್ಷ ಕಾಲೇಜಿಗೇ ಬರಲಿಲ್ಲ. ಮನೆಯಲ್ಲಿ ಆಗಲೇ ಮದುವೆಯ ಮಾತು ನಡೆದಿತ್ತೆಂದು ಗೆಳತಿಯರಿಂದ ತಿಳಿಯಿತು. ಅಷ್ಟು ಸಂಜೆಗಳಲ್ಲಿ ಒಮ್ಮೆಯೂ ಅವಳ ಮನೆಯ ವಿಚಾರ ನಾನು ಕೇಳಿರಲಿಲ್ಲ. ಕಾಗದದ ಮೇಲೆ ಅವಳ ಮೆಂಟರ್ ನಾನೇ! ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಆಗ ಮೆಂಟರ್ ಮತ್ತು ವಿದ್ಯಾರ್ಥಿಗಳ ಅನುಪಾತ ಕೇಳುತ್ತಿದ್ದುದರಿಂದ, ಅದರ ತಂಡ ಬರುವ ಹಿಂದಿನ ವಾರ ಕೂತು ಅರವತ್ತು ಹೆಸರುಗಳ ಮುಂದೆ ಒಂದೇ ಪೆನ್ನಿನಲ್ಲಿ ‘ಸಮಾಲೋಚಿಸಲಾಯಿತು’ ಎಂದು ಬರೆದಿದ್ದೆ. ಅವುಗಳಲ್ಲಿ ಅವಳ ಹೆಸರೂ ಇತ್ತು.

ಕೋಚಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಲೆಕ್ಕ ಬಾರದವರಿಗೆ ಲೆಕ್ಕವನ್ನೇ ಹೇಳಿಕೊಡಬೇಕು. ಆದರೆ ಆಂತರಿಕ ಅಂಕ ಕೊಡುವ ಅಧ್ಯಾಪಕರನ್ನೇ ಮೆಂಟರ್ ಮಾಡಿದರೆ ಯಾವ ವಿದ್ಯಾರ್ಥಿ ಮನಸ್ಸು ಬಿಚ್ಚಿ ಮಾತಾಡಿಯಾನು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಾಲೇಜು ಅಧ್ಯಾಪಕರಿಗೆ ನಿವೃತ್ತ ಹಿರಿಯರಿಂದ ಮೆಂಟರಿಂಗ್ ಒದಗಿಸುವ ಮಾತಾಡಿದೆ. ಅದನ್ನೇ ವಿದ್ಯಾರ್ಥಿಗಳಿಗೂ ವಿಸ್ತರಿಸಿ, ಒಬ್ಬ ನಿವೃತ್ತ ಅಧ್ಯಾಪಕರಿಗೆ ಹತ್ತು ಮಂದಿಯನ್ನು ಮಾತ್ರ ಒಪ್ಪಿಸಿ, ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಂಟೆ ಮೀಸಲಿಡಬಹುದು. ಮಹಾರಾಜ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಹರಟುತ್ತ ಕೂರುವ ನಮ್ಮಂಥವರಿಗೆ ಸಮಯಕ್ಕೇನೂ ಕೊರತೆಯಿಲ್ಲ.

– ನಿವೃತ್ತ ವಾಣಿಜ್ಯಶಾಸ್ತ್ರ ಅಧ್ಯಾಪಕ, ಹಾಸನ